ಡಬ್ಬಿಗೆ ಬಿದ್ದ ಉತ್ತರಗಳು

ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಬೇರೆಯೇ ಬಗೆಯ ಒಂದು ಮತದಾನ ನಡೆಯಿತು. ಅದರಲ್ಲಿ ಪಕ್ಷವಿರಲಿಲ್ಲ, ಹುರಿಯಾಳು ಇರಲಿಲ್ಲ, ಬೆರಳಿಗೆ ಶಾಯಿ ಹಚ್ಚುತ್ತಿರಲಿಲ್ಲ. ಹತ್ತು ಹನ್ನೆರಡು ಜನ ಹೆಂಗಸರು, ಇಲ್ಲವೇ ಅಷ್ಟೇ ಜನ ಗಂಡಸರು ಒಂದು ಕೋಣೆಯಲ್ಲಿ ಕೂರುತ್ತಿದ್ದರು. ಒಬ್ಬರಿಗೆ ಇನ್ನೊಬ್ಬರ ಕೈ ಕಾಣದ ಹಾಗೆ ನಡುವೆ ರಟ್ಟಿನ ಮರೆ. ಪ್ರತಿಯೊಬ್ಬರ ಮುಂದೆಯೂ ಮೂರು ಡಬ್ಬಿ: ಹೌದು ಎನ್ನುವವರಿಗೆ ಹಸಿರು, ಇಲ್ಲ ಎನ್ನುವವರಿಗೆ ಕೆಂಪು, ಈ ಪ್ರಶ್ನೆ ನನಗೆ ಸಂಬಂಧಿಸಿದ್ದಲ್ಲ ಎನ್ನುವವರಿಗೆ ಬಿಳಿ. ಕೈಯಲ್ಲಿ ಅಂಕಿ ಬರೆದ ಚೀಟಿಗಳ ಕಟ್ಟು. ನಡೆಸುವವರು ಒಂದನೇ ಪ್ರಶ್ನೆ ಓದಿದರೆ ಒಂದನೇ ಚೀಟಿ, ಎರಡನೆಯದು ಓದಿದರೆ ಎರಡನೇ ಚೀಟಿ. ಕೇಳುತ್ತಿದ್ದ ಪ್ರಶ್ನೆಗಳೋ, ಗಂಡ ಹೆಂಡಿರ ನಡುವೆಯೂ ಬಾಯಿಬಿಟ್ಟು ಆಡದಂಥವು. ಕಳೆದ ತಿಂಗಳು ನಿಮ್ಮ ಮೇಲೆ ಯಾರಾದರೂ ಕೈ ಮಾಡಿದರೆ? ಹಣ ಕೊಟ್ಟು ಯಾರ ಜೊತೆಗಾದರೂ ಮಲಗಿದ್ದಿರಾ? ಆಗ ನಿರೋಧ್ ಬಳಸಿದ್ದಿರಾ?

ಕೊನೆಗೆ ಎಲ್ಲರ ಡಬ್ಬಿಗಳನ್ನೂ ಒಟ್ಟಿಗೆ ಸುರಿದು ಎಣಿಸುತ್ತಿದ್ದರು. ಯಾರ ಚೀಟಿ ಯಾವುದು ಎಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಈ ಗುಂಪಿನಲ್ಲಿ ಎಷ್ಟು ಜನ ಹೌದು ಅಂದರು ಎನ್ನುವುದು ಗೊತ್ತಾಗುತ್ತಿತ್ತು. ಆ ಲೆಕ್ಕವನ್ನು ಅಲ್ಲೇ ಕೂತವರ ಮುಂದೆ ಇಟ್ಟು ಮಾತಿಗೆ ಎಳೆಯುವುದು ಈ ಕ್ರಮದ ಒಂದು ಭಾಗವೇ ಆಗಿತ್ತು. ಇದಕ್ಕೆ ಮತಗಟ್ಟೆ ಸಮೀಕ್ಷೆ ಎಂದು ಹೆಸರು.

ನಮ್ಮ ಸೀಮೆಯ ಜನ ಇಂಥ ಪ್ರಶ್ನೆಗೆ ಉತ್ತರ ಕೊಡುವ ಮಟ್ಟಿಗೆ ಬಂದದ್ದೇ ಒಂದು ದೊಡ್ಡ ಚರಿತ್ರೆ. ಅದನ್ನು ಬರೆಯುವಾಗ ಹಿಪ್ಪರಗಿ, ಜಮಖಂಡಿ, ಮುಧೋಳದ ನೆಲವನ್ನು ಬಿಟ್ಟು ಬರೆಯಲಾಗದು. ಸಾಮಾನ್ಯ ಹೆಂಗಸರು, ಅದರಲ್ಲೂ ಊರು ಹೊರಗಿಟ್ಟ ಹೆಂಗಸರು, ತಮ್ಮ ಬಾಳಿನ ಮೇಲೆ ನಡೆಯುವ ಸಂಶೋಧನೆಯಲ್ಲಿ ಕೈಜೋಡಿಸಿದ್ದು ಇಲ್ಲಿ.

ಕಾಗದ ಹಿಡಿದು ಬಂದವರನ್ನು ಈ ಭಾಗ ಸುಲಭಕ್ಕೆ ನಂಬಿದ್ದಲ್ಲ. ಅದಕ್ಕೆ ಕಾರಣವೂ ಇದೆ. 1857ರಲ್ಲಿ ಕಂಪನಿ ಸರ್ಕಾರ ಯಾರ ಮನೆಯಲ್ಲಿ ಯಾವ ಹತಾರ ಇದೆ ಎಂದು ಬರೆಸಿ, ಪರವಾನಗಿ ಇಲ್ಲದ್ದನ್ನು ಒಪ್ಪಿಸಬೇಕೆಂಬ ಕಾನೂನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ನವೆಂಬರ್ ಕೊನೆಗೆ ಸೈನ್ಯ ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನೂ 14ರಂದು ಹಲಗಲಿಯಲ್ಲಿ 6 ಜನರನ್ನೂ ಗಲ್ಲಿಗೇರಿಸಿದರು. ಒಂದು ಪಟ್ಟಿಯಿಂದ ಶುರುವಾದದ್ದು ಊರಿನ ಸುಡುಗಾಡಿನಲ್ಲಿ ಮುಗಿಯಿತು. ಮುಂದೆ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಅಧಿಕಾರಿ ಈ ಕಡೆಯ ಲಾವಣಿಗಳನ್ನು ಬರೆಸಿಕೊಂಡು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದಾಗ ಹಲಗಲಿಯ ಲಾವಣಿಯೂ ಅದರಲ್ಲಿ ಬಂತು. ಸರ್ಕಾರದ ವರದಿ ದಂಗೆ ಎಂದು ಬರೆದದ್ದನ್ನು ಲಾವಣಿಕಾರ ತನ್ನ ಜನರ ಕಣ್ಣಿನಿಂದ ಕಟ್ಟಿದ್ದ. ನನ್ನ ಲೆಕ್ಕದಲ್ಲಿ ಮುಧೋಳ ಸೀಮೆಯ ಮೊದಲ ಸಮಾಜ ಅಧ್ಯಯನ ಅದೇ: ಅನುಭವಿಸಿದವರ ಬಾಯಿಂದ ಬಂದದ್ದು, ಹೊರಗಿನವನ ಕೈಯಿಂದ ಕಾಗದಕ್ಕೆ ಇಳಿದದ್ದು.

ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಯ ಅಧ್ಯಯನಗಳ ಕಾಲ ಬಂತು. 1948ರಲ್ಲಿ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದರು, ಅದನ್ನು ಪುಸ್ತಕದಲ್ಲಿ ರಾಂಪುರ ಎಂದು ಕರೆದರು. ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯದ ಎರಡು ಹಳ್ಳಿಗಳಿಗೆ ಹೋಗಿ, ಕಾಲುವೆ ನೀರು ಬಂದ ಊರಿಗೂ ಬಾರದ ಊರಿಗೂ ಏನು ವ್ಯತ್ಯಾಸವಾಯಿತು ಎಂದು ನೋಡಿದರು. ಕೆ. ಈಶ್ವರನ್ ಧಾರವಾಡ ಕಡೆಯ ಒಂದು ಊರನ್ನು ಶಿವಾಪುರ ಮಾಡಿ 1968ರಲ್ಲಿ ಪುಸ್ತಕ ತಂದರು. ಮೂವರೂ ತಿಂಗಳುಗಟ್ಟಲೆ ಜನರ ನಡುವೆ ಇದ್ದು ಬರೆದವರು, ಅವರ ಶ್ರಮಕ್ಕೆ ಎರಡು ಮಾತಿಲ್ಲ. ಆದರೆ ಊರಿನವರು ಹೇಳುವವರು, ಬಂದವರು ಬರೆಯುವವರು ಎಂಬ ಗೆರೆ ಹಾಗೇ ಉಳಿಯಿತು. ಎಪ್‌ಸ್ಟೈನ್ ಮಾತ್ರ ಮತ್ತೆ ಮತ್ತೆ ಅದೇ ಊರುಗಳಿಗೆ ಹೋಗುತ್ತಿದ್ದು, ಕೊನೆಗೆ ಅಲ್ಲಿ ತಮಗೆ ನೆರವಾಗಿದ್ದ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡರನ್ನು ಜೊತೆ ಲೇಖಕರನ್ನಾಗಿ ಮಾಡಿಕೊಂಡು 1998ರಲ್ಲಿ ಇನ್ನೊಂದು ಪುಸ್ತಕ ತಂದರು. ಅದಕ್ಕೆ ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಆ ಗೆರೆಯನ್ನು ನೆಲದ ಮೇಲೆಯೇ ಅಳಿಸುವ ಪ್ರಯತ್ನ 1980ರ ದಶಕದ ಕೊನೆಗೆ ಗುಲ್ಬರ್ಗ ಜಿಲ್ಲೆಯಲ್ಲಿ ಆಯಿತು. ಮೈರಾಡ ಸಂಸ್ಥೆಯ ಜಲಾನಯನ ಕೆಲಸದಲ್ಲಿ ರೈತರೇ ರಂಗೋಲಿ ಪುಡಿ, ಕಲ್ಲು, ಕಾಳು ಇಟ್ಟು ತಮ್ಮೂರಿನ ನಕ್ಷೆ ಬರೆದರು. ಯಾವ ಹಳ್ಳದ ನೀರು ಎಲ್ಲಿಗೆ ಹೋಗುತ್ತದೆ, ಯಾರ ಹೊಲದ ಮಣ್ಣು ಕೊಚ್ಚುತ್ತದೆ ಎನ್ನುವುದನ್ನು ಎಂಜಿನಿಯರರಿಗೆ ಅವರು ತೋರಿಸಿಕೊಟ್ಟರು. ಅದೇ ಹೊತ್ತಿಗೆ ಹೈದರಾಬಾದಿಗೆ ಬಂದು ನೆಲೆಸಿದ್ದ ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಇಂಥ ಪ್ರಯೋಗಗಳಿಂದ ಕಲಿತು ಜಗತ್ತಿಗೆಲ್ಲ ಸಾರಿದರು. ಕೈಯಲ್ಲಿದ್ದ ಕೋಲನ್ನು ಊರಿನವರ ಕೈಗೆ ಕೊಟ್ಟು ಸುಮ್ಮನೆ ಕೂತುಕೊಳ್ಳಿ ಎಂಬುದು ಅವರು ಸಂಶೋಧಕರಿಗೆ ಹೇಳಿದ ಪಾಠ. ಆದರೆ ಹಳ್ಳದ ನಕ್ಷೆಯನ್ನು ಅಗಸಿ ಬಾಗಿಲ ಮುಂದೆ ಎಲ್ಲರೂ ಸೇರಿ ಬರೆಯಬಹುದು. ಮುಚ್ಚಿಟ್ಟ ಬಾಳಿನ ನಕ್ಷೆಯನ್ನು ಹಾಗೆ ಬರೆಯಲು ಬರುವುದಿಲ್ಲ. ಆ ಕಷ್ಟದ ಕೆಲಸ ಕೃಷ್ಣಾ ಘಟಪ್ರಭೆಯರ ನಡುವಿನ ಕೇರಿಗಳ ಪಾಲಿಗೆ ಬಂತು.

ಇಲ್ಲಿ ನೆಲದ ಗುಣವನ್ನೂ ಹೇಳಬೇಕು. ಹಿಪ್ಪರಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜು, ಸುತ್ತ ಕಬ್ಬು. ಇಂದು ರಬಕವಿ-ಬನಹಟ್ಟಿ ಬೇರೆ ತಾಲೂಕು, ನಾನು ಹೇಳುವ ಕಾಲಕ್ಕೆ ಅದೆಲ್ಲ ಜಮಖಂಡಿ ತಾಲೂಕೇ. ರಬಕವಿ ಬನಹಟ್ಟಿಯಲ್ಲಿ ಮಗ್ಗ, ಮುಧೋಳ ಮಹಾಲಿಂಗಪುರದ ಕಡೆ ಬೆಲ್ಲ ಮತ್ತು ಸಕ್ಕರೆ ಕಾರ್ಖಾನೆ. ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗು ಬರುತ್ತವೆ, ಲಾರಿ ಬರುತ್ತವೆ, ದುಡ್ಡು ಓಡಾಡುತ್ತದೆ. ಇನ್ನೊಂದು ದಿಕ್ಕಿಗೆ ದಾರಿ ಮಿರಜ, ಸಾಂಗಲಿ, ಪುಣೆ, ಮುಂಬಯಿಗೆ ಹೋಗುತ್ತದೆ. ಈ ದಾರಿಯಲ್ಲಿ ಹೋದವರಲ್ಲಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ದಲಿತ ಕೇರಿಯ ಹುಡುಗಿಯರೂ ಇದ್ದರು. ಅವರು ಲೈಂಗಿಕ ವೃತ್ತಿಯಲ್ಲಿ ದುಡಿದು ಕಳಿಸಿದ ದುಡ್ಡಿನಲ್ಲಿ ತಮ್ಮಂದಿರ ಮದುವೆಯಾಯಿತು, ಮನೆಗೆ ಹಂಚು ಹೊದಿಸಿದರು. ಸಾಂಗಲಿಯಲ್ಲಿ 1990ರ ದಶಕದಲ್ಲಿ ಸಂಗ್ರಾಮ್ ಸಂಸ್ಥೆಯ ಜೊತೆ ಇಂಥ ಹೆಂಗಸರು ವ್ಯಾಂಪ್ ಎಂಬ ತಮ್ಮದೇ ಸಂಘ ಕಟ್ಟಿದಾಗ ಅದರಲ್ಲಿ ಕನ್ನಡ ಮಾತಾಡುವವರು ಬಹಳ ಇದ್ದರು. ಇತ್ತ ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರದೇ ಸಂಸ್ಥೆಯಾಗಿ ಮಾಸ್ ಹುಟ್ಟಿತು.

ಸರ್ಕಾರ ಇವರನ್ನು ಎಣಿಸಲು ಹೊರಟಾಗ ಆದದ್ದೇನು? 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾನೂನು 1984ರಲ್ಲಿ ಜಾರಿಗೆ ಬಂತು. ಮುತ್ತು ಕಟ್ಟಿದವರಿಗೆ ಜೈಲು, ಹೆತ್ತವರೇ ಕಟ್ಟಿಸಿದ್ದರೆ ಇನ್ನೂ ಹೆಚ್ಚು ಶಿಕ್ಷೆ. ಪದ್ಧತಿ ನಿಲ್ಲಬೇಕಾದದ್ದೇ. ಆದರೆ ಕಾನೂನು ಬಂದ ಮೇಲೆ ಬಾಗಿಲಿಗೆ ಬಂದ ಸಾಹೇಬರ ಮುಂದೆ ನಾನು ದೇವದಾಸಿ ಎಂದರೆ ಅವ್ವನ ಕೊರಳಿಗೆ ಕೇಸು ಬೀಳಬಹುದು, ಅಲ್ಲ ಎಂದರೆ ಸಾಲ ಸಬ್ಸಿಡಿ ಕೈತಪ್ಪಬಹುದು. ಈ ಇಕ್ಕಟ್ಟಿನಲ್ಲೇ 1993-94ರ ಸಮೀಕ್ಷೆ ನಡೆದು 22,873 ಹೆಸರು ಬಂದವು. 2007-08ರಲ್ಲಿ ಮತ್ತೆ ಎಣಿಸಿದಾಗ 23,787 ಸೇರಿ ಒಟ್ಟು 46,660 ಆಯಿತು. ಮೊದಲ ಎಣಿಕೆಯಲ್ಲಿ ಅಷ್ಟು ಜನ ಎಲ್ಲಿ ಅಡಗಿದ್ದರು ಎಂದು ಕೇಳುವುದು ತಪ್ಪು. ಹೊರಗೆ ಬಂದು ನಿಲ್ಲಲು ಅವರಿಗೆ ಯಾವ ಧೈರ್ಯವನ್ನೂ ಯಾರೂ ಕೊಟ್ಟಿರಲಿಲ್ಲ.

ಈ ಎರಡು ಎಣಿಕೆಗಳ ನಡುವಿನ ಕಾಲದಲ್ಲಿ ಊರೂರಲ್ಲಿ ದೊಡ್ಡ ರೋಗದ ಮಾತು ಹಬ್ಬಿತ್ತು. 2001ರಲ್ಲಿ ಭಾರತ–ಕೆನಡಾ ಸಹಯೋಗದ ಎಚ್‌ಐವಿ ಏಡ್ಸ್ ಯೋಜನೆ ಕರ್ನಾಟಕಕ್ಕೆ ಬಂತು, ಜನರ ಬಾಯಲ್ಲಿ ಅದು ಐಚಾಪ್. ಮಾನಿಟೋಬಾ ವಿಶ್ವವಿದ್ಯಾಲಯದ ಸ್ಟೀಫನ್ ಮೋಸೆಸ್, ಜೇಮ್ಸ್ ಬ್ಲಾಂಚಾರ್ಡ್, ಶಿವ ಹಳ್ಳಿ, ಇಲ್ಲಿಯ ಬಿ.ಎಂ. ರಮೇಶ್, ರೆನಾಲ್ಡ್ ವಾಷಿಂಗ್ಟನ್ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. ಮಾದರಿ ಜಿಲ್ಲೆಯಾಗಿ ಅವರು ಆರಿಸಿದ್ದು, 1997ರಲ್ಲಷ್ಟೇ ವಿಜಾಪುರದಿಂದ ಬೇರ್ಪಟ್ಟಿದ್ದ ಬಾಗಲಕೋಟೆಯನ್ನು.

ಆಗಿನ ಆರು ತಾಲೂಕುಗಳಲ್ಲಿ ಮೂರನ್ನು ಆಯ್ದು ಹಳ್ಳಿ ಮತ್ತು ಪಟ್ಟಣಗಳ ಮನೆಮನೆಗೆ ಹೋಗಿ ಸಾಮಾನ್ಯ ಜನರ ಸಮೀಕ್ಷೆ ಮಾಡಿದರು. ಪ್ರಶ್ನೆ ಕೇಳಿದ್ದಷ್ಟೇ ಅಲ್ಲ, ರಕ್ತವನ್ನೂ ಕೇಳಿದರು. ರೇಷನ್ ಕಾರ್ಡಿಗೆ ಹೆಸರು ಬರೆಸಿದ ಹಾಗಲ್ಲ ಇದು. ಎಷ್ಟೋ ಮಂದಿ ಮಾತಿಗೆ ಒಪ್ಪಿ ರಕ್ತಕ್ಕೆ ಒಪ್ಪಲಿಲ್ಲ. ಆದರೂ ಸಾವಿರಾರು ರೈತರು, ಕೂಲಿಯವರು, ಗೃಹಿಣಿಯರು ತೋಳು ಚಾಚಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ತಬ್ಬಿಬ್ಬು ಮಾಡಿತು: ವಯಸ್ಕರಲ್ಲಿ ನೂರಕ್ಕೆ 2.9ರಷ್ಟು ಸೋಂಕು, ಅದೂ ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಒಂದು ಊರಲ್ಲಿ ಬಹಳ, ಅದರ ಪಕ್ಕದ ಊರಲ್ಲಿ ಏನೂ ಇಲ್ಲ ಎನ್ನುವಷ್ಟು ಏರುಪೇರು. ಏಡ್ಸ್ ಎಂದರೆ ಮುಂಬಯಿಯ ಗಲ್ಲಿಯ ರೋಗ, ಲಾರಿ ಡ್ರೈವರುಗಳ ರೋಗ ಎಂದು ದಿಲ್ಲಿಯಲ್ಲಿ ಕೂತು ಹಾಕಿದ ಲೆಕ್ಕ ಇದರಿಂದ ಬುಡಮೇಲಾಯಿತು. ತೋಳು ಚಾಚಿದ ಆ ಜನರಿಗೆ ದೇಶದ ಆರೋಗ್ಯ ನೀತಿ ಋಣಿಯಾಗಿರಬೇಕು. ಹಳ್ಳಿಗೊಬ್ಬರಂತೆ ಊರಿನವರನ್ನೇ ತರಬೇತಿ ಕೊಟ್ಟು ನಿಲ್ಲಿಸಿದ ಲಿಂಕ್ ವರ್ಕರ್ ಪದ್ಧತಿಯೂ ಇಲ್ಲಿ ಬೇರುಬಿಟ್ಟು ಆಮೇಲೆ ರಾಷ್ಟ್ರದ ಯೋಜನೆಯಾಯಿತು.

ಮತಗಟ್ಟೆ ಸಮೀಕ್ಷೆ ಬೇಕಾದದ್ದು ಇದೇ ಕಾಲದಲ್ಲಿ. ಎದುರುಬದುರು ಕೂತು ಕೇಳಿದರೆ ಜನ ಮರ್ಯಾದೆಯ ಉತ್ತರ ಕೊಡುತ್ತಾರೆ. ಅದು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ, ಅದು ತಮ್ಮನ್ನು ಕಾಪಾಡಿಕೊಳ್ಳುವ ರೀತಿ. ಕರ್ನಾಟಕದಲ್ಲಿ ಎರಡೂ ಬಗೆಯಲ್ಲಿ ಕೇಳಿ ಹೋಲಿಸಿ ನೋಡಿದಾಗ, ನಾಚಿಕೆಯ ವಿಷಯಗಳಿಗೆ ಡಬ್ಬಿಯಲ್ಲಿ ಬಿದ್ದ ‘ಹೌದು’ಗಳು ಬಾಯಲ್ಲಿ ಬಂದ ‘ಹೌದು’ಗಳಿಗಿಂತ ಹೆಚ್ಚಾಗಿದ್ದವು. ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಎಲ್ಲರ ಚೀಟಿ ಕಲೆತುಹೋಗುವುದರಿಂದ, ಹೊಡೆತ ತಿಂದವಳೇ ನಿರೋಧ್ ಬಳಸಲಾಗದವಳೂ ಹೌದೇ ಎಂದು ಜೋಡಿಸಿ ನೋಡಲು ಬರುತ್ತಿರಲಿಲ್ಲ. ಸಂಖ್ಯಾಶಾಸ್ತ್ರದವರಿಗೆ ಇದು ದೊಡ್ಡ ಕೊರತೆ. ಕೇರಿಯ ಹೆಣ್ಣಿಗೆ ಅದೇ ರಕ್ಷಣೆ. ಇಬ್ಬರ ಅನುಕೂಲ ಎದುರಾದಾಗ ಹೆಣ್ಣಿನ ಅನುಕೂಲವನ್ನು ಮೇಲೆ ಇಟ್ಟದ್ದರಿಂದಲೇ ಈ ಕ್ರಮದ ಮೇಲೆ ನನಗೆ ಗೌರವ.

2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಅದರ ಕೆಲಸದ ಜೊತೆಗೆ ಬೆಳೆದದ್ದು ಬಾಗಲಕೋಟೆಯ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ. ಲೈಂಗಿಕ ವೃತ್ತಿಯಲ್ಲಿದ್ದ ಹೆಂಗಸರು ತಾವೇ ಸದಸ್ಯರಾಗಿ, ತಾವೇ ಪದಾಧಿಕಾರಿಗಳಾಗಿ ನಡೆಸಿದ ಸಂಘ ಇದು. ಪೊಲೀಸರು ಹಿಡಿದಾಗ ಠಾಣೆಗೆ ಹೋಗಿ ನಿಲ್ಲುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಎಚ್‌ಐವಿಯ ಗುಳಿಗೆ ಬಿಟ್ಟವರ ಮನೆಗೆ ಹೋಗಿ ಬುದ್ಧಿ ಹೇಳುವುದು ಇದರ ದಿನದ ಕೆಲಸ. ಹೊಸಬರು ನಿಮ್ಮಂಥವರು ಈ ಊರಲ್ಲಿ ಎಷ್ಟು ಜನ ಎಂದು ಕೇಳಿದರೆ ಯಾರೂ ಇಲ್ರೀ ಎನ್ನುವ ಕೇರಿ, ಸಂಘದ ಅಕ್ಕ ಬಂದು ಕೂತರೆ ಚಹಾ ಇಡುತ್ತಿತ್ತು.

ಸಂಶೋಧಕರು ಸಂಘದ ಬಳಿ ಕೂತಾಗ ಒಂದು ಸಂಗತಿ ಬೆಳಕಿಗೆ ಬಂತು. ಹೊರಗಿನ ತಜ್ಞರೆಲ್ಲ ಗಿರಾಕಿಗಳ ಬಗ್ಗೆಯೇ ಕೇಳುತ್ತಿದ್ದರು. ಗಿರಾಕಿಯ ಜೊತೆ ನಿರೋಧ್ ಬಳಕೆ ಎಷ್ಟೋ ಹೆಚ್ಚಿತ್ತು. ಸಂಕಟ ಇದ್ದದ್ದು ಮನೆಯೊಳಗೆ. ಈ ಹೆಂಗಸರಲ್ಲಿ ಬಹಳ ಮಂದಿಗೆ ವರ್ಷಗಟ್ಟಲೆ ಜೊತೆಗಿದ್ದ ಒಬ್ಬ ಸಂಗಾತಿ ಇರುತ್ತಿದ್ದ. ಅನೇಕ ಸಲ ಅವನಿಗೆ ಬೇರೆ ಹೆಂಡತಿ ಮಕ್ಕಳು. ಇವಳಿಗೆ ಅವನೇ ಗಂಡ, ಇವಳ ಮಕ್ಕಳಿಗೆ ಅವನೇ ಅಪ್ಪ, ಊರಲ್ಲಿ ಇವಳಿಗೊಂದು ನೆರಳು. ಹೊಡೆಯುವವನೂ ಅವನೇ. ನಿರೋಧ್ ಎಂದರೆ ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳುವವನೂ ಅವನೇ. ಚೈತನ್ಯದ ಜೊತೆಗೂಡಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಹೆಂಗಸರ ಮಾತನ್ನೂ ಅವರ ಸಂಗಾತಿಗಳ ಮಾತನ್ನೂ ಬೇರೆ ಬೇರೆಯಾಗಿ ಕೇಳಿದರು. ಪ್ರೀತಿ, ಹಂಗು, ಮರ್ಯಾದೆ, ಹೊಡೆತ ಒಂದರೊಳಗೊಂದು ಹೆಣೆದುಕೊಂಡದ್ದು ಆ ಮಾತುಗಳಲ್ಲಿ ಕಾಣುತ್ತದೆ. ಯಾವ ಹೊರಗಿನ ಪ್ರಶ್ನಾವಳಿಯೂ ಇದನ್ನು ಮೊದಲೇ ಊಹಿಸಿ ಬರೆದಿರಲಾರದು.

ಈ ಸಂಕಟದಿಂದ ‘ಸಂವೇದನಾ ಪ್ಲಸ್’ ಹುಟ್ಟಿತು. 2015ರಿಂದ 2017ರವರೆಗೆ ನಡೆದ ಈ ಪ್ರಯೋಗದ ನೆಲ ಮುಧೋಳ ಮತ್ತು ಜಮಖಂಡಿ ತಾಲೂಕುಗಳ 47 ಹಳ್ಳಿ. ಲಂಡನ್ನಿನ ಆರೋಗ್ಯ ಸಂಶೋಧನಾ ಶಾಲೆಯವರು, ಹೆಲ್ತ್ ಪ್ರಮೋಷನ್ ಟ್ರಸ್ಟಿನವರು, ಚೈತನ್ಯ ಸಂಘದವರು ಸೇರಿ ಮಾಡಿದರು. ಹೊಸ ಔಷಧಿಯನ್ನು ಪರೀಕ್ಷಿಸುವ ಕ್ರಮವನ್ನೇ ಇಲ್ಲಿ ಊರುಗಳಿಗೆ ಅನ್ವಯಿಸಿದರು. ಯಾದೃಚ್ಛಿಕವಾಗಿ ಆರಿಸಿ 24 ಹಳ್ಳಿಗಳಲ್ಲಿ ಕೆಲಸ ಶುರು ಮಾಡುವುದು, 23 ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡು ಆಮೇಲೆ ಅಲ್ಲಿಗೂ ಹೋಗುವುದು. ಮೊದಲಿನ ಊರುಗಳಲ್ಲಿ ಹೆಂಗಸರ ಗುಂಪು ಕೂಟ, ಸಂಗಾತಿಗಳ ಜೊತೆ ಬೇರೆ ಮಾತುಕತೆ, ಆಪ್ತ ಸಲಹೆ, ಹೊಡೆತ ಬಿದ್ದ ರಾತ್ರಿಯೇ ಓಡಿ ಬರುವ ಸಂಘದ ತಂಡ, ಹಿರಿಯರ ಜೊತೆ ಸಭೆ, ಊರ ಮುಂದೆ ಜಾನಪದ ಕಲೆಯ ಪ್ರದರ್ಶನ.

ಈ ಕಾಯುವ ಊರುಗಳ ವಿಚಾರ ನನ್ನ ಮನಸ್ಸನ್ನು ಈಗಲೂ ಕಾಡುತ್ತದೆ. ಒಂದು ಊರಲ್ಲಿ ಸಂಘದ ತಂಡ ಬರುತ್ತದೆ, ಕೆಲವೇ ಮೈಲಿ ಆಚೆಯ ಊರಲ್ಲಿ ಅದೇ ಹೊಡೆತ ತಿನ್ನುವವಳಿಗೆ ನಿನ್ನ ಸರದಿ ಆಮೇಲೆ ಎನ್ನಬೇಕು. ಶಾಸ್ತ್ರದ ದೃಷ್ಟಿಯಿಂದ ಇದು ಸರಿ. ಹೋಲಿಸಲು ಬೇರೆ ಊರಿಲ್ಲದಿದ್ದರೆ ಬದಲಾವಣೆ ಯಾವುದರಿಂದ ಆಯಿತು ಎಂದು ಹೇಳಲಾಗದು. ಆದರೆ ಆ ಭಾರವನ್ನು ಹೊತ್ತದ್ದು ಲಂಡನ್ನಿನವರಲ್ಲ. ತಮ್ಮದೇ ಬಳಗಕ್ಕೆ ಕಾಯಿರಿ ಎಂದು ಹೇಳಿದ ಭಾರ ಸಂಘದ ಹೆಂಗಸರದು. ಜನರನ್ನು ಸಂಶೋಧನೆಯ ಪಾಲುದಾರರನ್ನಾಗಿ ಮಾಡುವುದು ಎಂದರೆ ಸಿಹಿಯ ಪಾಲು ಮಾತ್ರವಲ್ಲ, ಈ ಕಹಿಯ ಪಾಲೂ ಅವರ ತಟ್ಟೆಗೆ ಬೀಳುತ್ತದೆ.

ಫಲಿತಾಂಶ 2019ರಲ್ಲಿ ‘ಬಿಎಂಜೆ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂತು. ತೀವ್ರ ಹಿಂಸೆಯಲ್ಲಾಗಲಿ, ಸಂಗಾತಿಯ ಜೊತೆ ತಪ್ಪದೆ ನಿರೋಧ್ ಬಳಸುವುದರಲ್ಲಾಗಲಿ ಎರಡೂ ಗುಂಪಿನ ಊರುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅದನ್ನು ಅವರು ಮುಚ್ಚಿಡದೆ ಹಾಗೇ ಬರೆದರು. ಆದರೆ ಕೆಲಸ ನಡೆದ ಊರುಗಳಲ್ಲಿ ಹೊಡೆತ ಸಹಜ ಎನ್ನುವವರು ಕಡಿಮೆಯಾದರು, ನನಗೆ ಹೀಗಾಯಿತು ಎಂದು ಹೇಳಿಕೊಳ್ಳುವವರು ಹೆಚ್ಚಾದರು. ಏಟಿನಿಂದ ತಪ್ಪಿಸಿಕೊಳ್ಳುವ ದಾರಿ ಬಲ್ಲವರೂ ಒಬ್ಬರಿಗೊಬ್ಬರು ನಿಲ್ಲುವವರೂ ಹೆಚ್ಚಾದರು. ನನಗೆ ಅನ್ನಿಸುವುದು ಇಷ್ಟು: ನೂರಾರು ವರ್ಷದ ಬೇರು ಎರಡು ವರ್ಷದಲ್ಲಿ ಕಿತ್ತು ಬರುವುದಿಲ್ಲ. ಇನ್ನೊಂದು ಮಾತು. ಮೊದಲು ಹೊಡೆತವನ್ನು ಹಣೆಬರಹ ಎಂದು ಲೆಕ್ಕಕ್ಕೇ ಹಿಡಿಯದವಳು ಈಗ ಅದನ್ನು ಹೊಡೆತ ಎಂದೇ ಬರೆಸುತ್ತಾಳೆ. ಅಂಕಿ ಕೆಳಗಿಳಿಯದಿರಲು ಅದೂ ಒಂದು ಕಾರಣವಿರಬಹುದು.

ಇದೇ ಹೊತ್ತಿಗೆ ವಿಜಾಪುರ ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ ‘ಸಮತಾ’ ಎಂಬ ಇನ್ನೊಂದು ಪ್ರಯೋಗ ನಡೆಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡದ ಹುಡುಗಿಯರು ಏಳನೆಯ ತರಗತಿಯ ನಂತರ ಶಾಲೆ ಬಿಡದಂತೆ, ಬೇಗ ಮದುವೆಯಾಗದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ಅಲ್ಲೂ ಎರಡೂ ಕಡೆಯ ಊರುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಹೋಲಿಕೆಗೆ ಇಟ್ಟ ಊರುಗಳ ಹುಡುಗಿಯರೂ ಶಾಲೆಯಲ್ಲಿ ಉಳಿಯತೊಡಗಿದ್ದರು.

ಒಂದು ಕೊರತೆಯನ್ನು ಮಾತ್ರ ಹೇಳದೆ ಬಿಡಲಾರೆ. ಈ ಅಧ್ಯಯನಗಳೆಲ್ಲ ಪ್ರಕಟವಾದದ್ದು ಇಂಗ್ಲಿಷಿನಲ್ಲಿ. ಮತಗಟ್ಟೆಯ ಲೆಕ್ಕವನ್ನು ಅಲ್ಲೇ ಕೂತವರ ಮುಂದೆ ಬಿಚ್ಚಿಟ್ಟ ಹಾಗೆ, 47 ಹಳ್ಳಿಗಳ ಫಲಿತಾಂಶವೂ ಮುಧೋಳದ ಕನ್ನಡದಲ್ಲಿ ಪುಸ್ತಕವಾಗಿ, ಓದಲು ಬಾರದವರಿಗೆ ಓದಿ ಹೇಳುವಂತಾಗಬೇಕು. ರಕ್ತ ಕೊಟ್ಟವರು, ರಾತ್ರಿಯ ಕಥೆ ಕೊಟ್ಟವರು ಅದರ ಮೊದಲ ಓದುಗರಾಗಬೇಕು.

ಒಂದು ಕಾಲಕ್ಕೆ ಎಣಿಸುವವರನ್ನು ಕಂಡರೆ ಕದ ಹಾಕಿಕೊಂಡ ದೇವದಾಸಿಯರೇ, 2007-08ರ ಪಟ್ಟಿಯಲ್ಲಿ ನಮ್ಮ ಹೆಸರು ಬಿಟ್ಟುಹೋಗಿದೆ, ಮತ್ತೆ ಸಮೀಕ್ಷೆ ಮಾಡಿ ಎಂದು ಜಿಲ್ಲಾಧಿಕಾರಿ ಕಚೇರಿಗಳ ಮುಂದೆ ವರ್ಷಗಟ್ಟಲೆ ಧರಣಿ ಕೂತರು. ಹಳೆಯ ಕಾನೂನಿನ ಬದಲು ಬೇರೆಯದು ಬೇಕೆಂದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಕರಡು ಬರೆಯುವಾಗ ದೇವದಾಸಿ ತಾಯಂದಿರೂ ಅವರ ಮಕ್ಕಳೂ ಮಾತು ಕೊಟ್ಟರು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಹೊಸ ಕಾನೂನಿಗೆ ಒಪ್ಪಿಗೆ ಕೊಟ್ಟಿತು. ಅಪ್ಪನ ಹೆಸರು ಬರೆಯಲೇಬೇಕು ಎಂದು ಆ ತಾಯಂದಿರ ಮಕ್ಕಳನ್ನು ಒತ್ತಾಯಿಸುವಂತಿಲ್ಲ ಎಂಬ ಮಾತು ಅದರಲ್ಲಿ ಸೇರಿದೆ.